ಬಾಲಮ್ಮನ ಹೆಸರಿನ ಹಾಳೆ

"ಫೋಟೋ ಎಲ್ಲೈತೋ ತಮ್ಮಾ? ನಿಮ್ಮ ಅತ್ತಿ ಬರೋ ಹೊತ್ತಾತು" ಎಂದು ಅಕ್ಕ ಮೋನಮ್ಮ ಮತ್ತೆ ಕೇಳಿದಾಗ ಅಂಬ್ರಪ್ಪ ಮಾಸ್ತರ ಗೋಡೆಯ ಕಡೆ ಕೈ ತೋರಿಸಿದ. ಅಲ್ಲಿ ಫೋಟೋ ಇರಲಿಲ್ಲ. ದೊಡ್ಡದೊಂದು ಬಿಳಿ ಹಾಳೆಯ ಕೆಳಮೂಲೆಯಲ್ಲಿ ಕರಿ ಬಣ್ಣದಲ್ಲಿ 'ಬಾಲಮ್ಮ' ಎಂದಷ್ಟೇ ಬರೆದಿತ್ತು. ಉಳಿದದ್ದೆಲ್ಲ ಖಾಲಿ.

ಬಟ್ಟೆ ಒಗೆಯಲು ಹೋದ ಹೆಂಡತಿ ಬಾಲಮ್ಮ ಕಾಲುವೆಗೆ ಜಾರಿ ಬಿದ್ದು ತೀರಿಕೊಂಡಿದ್ದಳು. ಮಣ್ಣು ಮಾಡಿ ಇಂದು ಮೂರನೇ ದಿನ. ಫೋಟೋಕ್ಕೆ ಮಾಲೆ ಹಾಕಿ ಎಡೆ ಇಡಬೇಕು.

ಶಹಾಪುರದ ಈ ಡ್ರಾಯಿಂಗ್ ಮಾಸ್ತರನ ಹುಚ್ಚು ಓಣಿಗೆಲ್ಲ ಗೊತ್ತಿದ್ದದ್ದೇ. ಅರ್ಧ ಶತಮಾನದ ಹಿಂದೆ ಸ್ವಿಟ್ಜರ್ಲೆಂಡಿನಲ್ಲಿ ಸಂಗೀತ ಕಚೇರಿಗಳಿಗೆಂದು ಮಾಡಿದ ಪೋಸ್ಟರುಗಳು. ಚಿತ್ರ ಒಂದೂ ಇಲ್ಲ, ಬರೀ ಅಕ್ಷರ. ಅವು ಈಗ ಮತ್ತೆ ಅಚ್ಚಾಗಿ ಮುಂಬಯಿಗೆ ಬರುತ್ತಿದ್ದವು. ಅಲ್ಲಿಂದ ತರಿಸಿ, ಯಾದಗಿರಿ ಸ್ಟೇಷನ್ನಿನಿಂದ ಕೂಸಿನಂತೆ ಎದೆಗವಚಿಕೊಂಡು ಮನೆಗೆ ತರುತ್ತಿದ್ದ. ಕಾಲುವೆ ನೀರು ಬಂದ ಮೇಲೆ ಗೋಡೆಗಳಿಗೆ ತೇವ ಏರಿತೆಂದು ಒಂದೊಂದಕ್ಕೂ ಗಾಜಿನ ಕಟ್ಟು ಹಾಕಿಸಿದ. ಮದುವೆಯ ಫೋಟೋ ಮಾತ್ರ ಗೋಡೆಯ ಅಂದ ಕೆಡಿಸುತ್ತದೆಂದು ಟ್ರಂಕು ಸೇರಿತ್ತು. ನಿನ್ನೆ ತೆಗೆದು ನೋಡಿದರೆ ತೇವಕ್ಕೆ ಕರಗಿ ಗಂಡನೂ ಇಲ್ಲ, ಹೆಂಡತಿಯೂ ಇಲ್ಲ. ವೋಟಿನ ಕಾರ್ಡಿನ ಫೋಟೋವನ್ನು ಸ್ಟುಡಿಯೋದವ ದೊಡ್ಡದು ಮಾಡಿಕೊಟ್ಟರೆ ಅದೂ ಬರೀ ಮಸಿ.

ಅವಳ ಮುಖ ಬರೆಯಲು ಕೂತರೆ ಕೈಗೆ ಮೂಡಲಿಲ್ಲ, ಕೊನೆಗೆ ಆ ಹಾಳೆ ಬರೆದಿದ್ದ. ಜೀವಮಾನದಲ್ಲಿ ಅಷ್ಟು ಚೆಂದ ಬರೆದಿರಲಿಲ್ಲ. ಅದರ ಮುಂದಾದರೂ ಜನ ಬಾಲಮ್ಮನಿಗಾಗಿ ಅಳಬೇಕು, ಅವನಿಗೆ ಈಗ ಬೇಕಿದ್ದದ್ದು ಅದೊಂದೇ.

"ಮಾರಿ ಇಲ್ಲದ್ದಕ್ಕ ಹ್ಯಾಂಗ ಎಡಿ ಇಡತಿ? ಪಾಪ, ಆಕಿಗೆ ಓದಾಕ ಸೈತ ಬರತಿರಲಿಲ್ಲ" ಎಂದು ಮೋನಮ್ಮ ಸಿಡುಕಿದಳು.

"ಆಕಿ ಹೆಸರೈತಲ್ಲಕ್ಕ" ಎಂದ ಅಂಬ್ರಪ್ಪ.

ಅಷ್ಟರಲ್ಲಿ ಶಿರವಾಳದಿಂದ ಅತ್ತೆ ಮರಿಲಿಂಗಮ್ಮ ಬಂದಳು. ಕೈಯಲ್ಲಿ ಚೆಂಡುಹೂವಿನ ಮಾಲೆ.

"ನನ್ನ ಮಗಳನ್ನ ಎಲ್ಲಿ ಇಟ್ಟೀಯಪ್ಪ?"

"ಗೋಡಿ ಮ್ಯಾಲ ಐತಿ ಅತ್ತಿ. ಹೆಸರು ಬರದೀನಿ" ಎನ್ನುವಷ್ಟರಲ್ಲಿ ಅವನಿಗೆ ದುಃಖ ಒತ್ತರಿಸಿ ಬಂದು ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡ.

ಮುದುಕಿ ಗೋಡೆಯುದ್ದಕ್ಕೂ ನಡೆದಳು. ಅಕ್ಷರ ಕಲಿತವಳಲ್ಲ. ಬಿಳಿ ಹಾಳೆಯನ್ನು, ಏನೋ ಬರೆಯುವುದು ಬಾಕಿ ಇದೆ ಎಂದುಕೊಂಡು ದಾಟಿ ಹೋದಳು. ಎಲ್ಲಕ್ಕಿಂತ ದಪ್ಪ ಅಕ್ಷರದ ಪರದೇಶಿ ಪೋಸ್ಟರಿನ ಮುಂದೆ ನಿಂತಳು, ಅದರ ಕಟ್ಟಿಗೆ ಮಾಲೆ ಹಾಕಿದಳು, ಗಾಜಿಗೆ ಕೆನ್ನೆ ಹಚ್ಚಿ ಅಳತೊಡಗಿದಳು. "ಯವ್ವಾ ಬಾಲೀ, ನನಗಿಂತ ಮೊದಲ ಹೋದೇನ ನನ್ನವ್ವ..."

ಮೋನಮ್ಮ ಏನೋ ಹೇಳಲು ಬಾಯಿ ತೆರೆದಳು. ಅಂಬ್ರಪ್ಪ ಅವಳ ರಟ್ಟೆ ಹಿಡಿದ. ಮುದುಕಿ ತಿರುಗಿ ನೋಡಿದಳು.

"ಇದೇ ಅಲ್ಲೇನಪ್ಪ ನನ್ನ ಮಗಳ ಹೆಸರು?"

"ಹೂಂ ಅತ್ತಿ. ಇದೇ."

ಆಮೇಲೆ ಓಣಿಯ ಜನ ಒಬ್ಬೊಬ್ಬರಾಗಿ ಬಂದರು. ಮುದುಕಿ ಅಳುತ್ತಿದ್ದ ಕಡೆಗೇ ಹೋಗಿ ಹೂ ಏರಿಸಿದರು, ಕೈ ಮುಗಿದರು. ಓದು ಬಲ್ಲವರೂ ಅಲ್ಲಿಗೇ ಹೋದರು. ಬಾಲಮ್ಮನ ಹೆಸರಿನ ಮುಂದೆ ಒಂದು ಎಸಳೂ ಬೀಳಲಿಲ್ಲ.