ಪಟ್ಟಿಯಲ್ಲಿ ಕೇತಮ್ಮನ ಹೆಸರು

ಮನುಷ್ಯರು ಬಿಟ್ಟ ಉಸಿರನ್ನು ಮರಗಳು ಹಿಡಿದಿಟ್ಟುಕೊಂಡು, ವರ್ಷಗಟ್ಟಲೆ ಇಷ್ಟಿಷ್ಟೇ ಹೊರಬಿಡತೊಡಗಿದ ಮೇಲೆ ಕಾಡಿನ ಗಾಳಿಯನ್ನು ಅಳೆಯುವ ಕೆಲಸ ತುಸು ತೊಡಕಾಗಿತ್ತು. ಬಿಳಿಗಿರಿ ಬೆಟ್ಟದ ಬೇಸಿಗೆ ಶಿಬಿರಕ್ಕೆ ಬಂದ ಸಂಶೋಧಕರಿಗೆ ಮೊದಲು ಕಲಿಸುತ್ತಿದ್ದುದೇ ಅದನ್ನು. ಅಳತೆಯ ಗೋಪುರದ ಬಳಿ ಓಡಾಡಿದವರ ಪಟ್ಟಿ ಹಿಡಿದು, ಅವರವರ ಉಸಿರನ್ನು ಕಳೆದು, ಉಳಿದದ್ದನ್ನು ಮಾತ್ರ ಕಾಡಿನದೆಂದು ಬರೆಯಬೇಕು.

ಆರನೆಯ ದಿನದ ಸರದಿ ಹಸೀನಾಳದು. ಎಷ್ಟು ಸಲ ಕಳೆದರೂ ಒಬ್ಬರ ಉಸಿರು ಹೆಚ್ಚಿಗೆ ಉಳಿಯುತ್ತಿತ್ತು. ಗೋಪುರದ ತುದಿಗೆ ಹತ್ತಿ ಉಪಕರಣದ ಗಾಜು ಒರೆಸಿದಳು, ಬ್ಯಾಟರಿ ಬದಲಿಸಿದಳು. ಸಂಜೆಯೊಳಗೆ ಸರಿಹೋಗದಿದ್ದರೆ ಇಡೀ ತಂಡದ ವಾರದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ.

ಗೋಪುರದ ಹಗ್ಗ ಬಿಗಿಯಲು ದಿನವೂ ಮಧ್ಯಾಹ್ನ ತುದಿಗೆ ಹತ್ತಿಬರುವ ಕಾವಲುಗಾರ ಜಡೇಗೌಡ ಅವಳ ಮುಖ ನೋಡಿ ಕೇಳಿದ, "ಪಟ್ಟೀಲಿ ಯಾರ ಹೆಸ್ರಾದ್ರೂ ಹೊಡ್ದಾಕಿದ್ರಾ ಮೇಡಂ?"

ಹಸೀನಾ ತಡವರಿಸಿದಳು. "ಕೇತಮ್ಮನವ್ರದು. ಯುಗಾದಿಗೆ ತೀರ್ಕೊಂಡ್ರಲ್ಲ, ಅದಕ್ಕೆ..."

ಕೇತಮ್ಮ ಅವನ ಹೆಂಡತಿ. ಇಪ್ಪತ್ತು ಬೇಸಿಗೆ ಈ ಗೋಪುರದ ಬುಡದಲ್ಲೇ ಶಿಬಿರದವರಿಗೆ ಅಡುಗೆ ಮಾಡಿ ಬಡಿಸಿದವಳು.

"ತೀರ್ಕಂಡ್ಲು ಅಂತ ನಮ್ಗೆ ಗೊತ್ತು," ಎಂದ ಜಡೇಗೌಡ. "ಮರಕ್ಕೆ ಯಾರು ಹೇಳವ್ರೆ?"

ಹಸೀನಾ ಹೆಸರನ್ನು ಮತ್ತೆ ಬರೆದಳು. ಲೆಕ್ಕ ಕೂಡಿಬಂತು.

"ಇನ್ನೆಷ್ಟು ವರ್ಷ ಇರ್ಬೇಕು ಈ ಹೆಸರು?"

"ಏಳೆಂಟು ವರ್ಸ ಅಂತಾರೆ ನಿಮ್ ಮೇಷ್ಟ್ರು."

ಹಗ್ಗ ಬಿಗಿಯಾಗಿಯೇ ಇತ್ತು. ಜಡೇಗೌಡ ಅದನ್ನು ಬಿಚ್ಚಿದ. ಮರಗಳ ಕಡೆಯಿಂದ ಬರುವ ಗಾಳಿಗೆ ಮುಖವೊಡ್ಡಿ ನಿಂತು, ಅವಸರವಿಲ್ಲದೆ ಮತ್ತೆ ಕಟ್ಟತೊಡಗಿದ.