ಕಣ್ಣು ಮುಚ್ಚಿ ಎಸೆದ ಚೌಕಟ್ಟು

ತುಕ್ಕು ಹಿಡಿದ ಕಬ್ಬಿಣದ ವಾಸನೆ ಬಂದರೆ ಇಂದಿಗೂ ಬೆಳಂಬಾರದ ಕಡಲದಂಡೆಯ ಆ ಮಧ್ಯಾಹ್ನ ಎದುರು ಬಂದು ನಿಲ್ಲುತ್ತದೆ.

ಕಾರವಾರದಲ್ಲಿ ಕಡಲಜೀವಿಗಳ ಸಂಶೋಧನೆ ಮಾಡುತ್ತಿದ್ದ ಅತ್ತೆ, ಅಪ್ಪನ ತಂಗಿ, ಇಳಿತದ ಹೊತ್ತಿಗೆ ನನ್ನನ್ನೂ ಅಪ್ಪನನ್ನೂ ದಂಡೆಗೆ ಕರೆದೊಯ್ದಿದ್ದಳು. ಕಬ್ಬಿಣದ ಚೌಕಟ್ಟನ್ನು ಕಣ್ಣು ಮುಚ್ಚಿ ಬೆನ್ನ ಹಿಂದಕ್ಕೆ ಎಸೆಯುವುದು, ಅದು ಬಿದ್ದಲ್ಲಿ ಕೆಸರು ಕೆದಕಿ ಬಳಚು ಎಂಬ ಕಪ್ಪೆಚಿಪ್ಪುಗಳನ್ನು ಎಣಿಸುವುದು ಅವಳ ಕೆಲಸ. ಏಡಿಯೊಂದರ ಬೆನ್ನು ಹತ್ತಿ ನಾನು ಅವಳ ಹಿಂದೆ ಓಡಿದ್ದೆ. ಅವಳೆಸೆದ ಚೌಕಟ್ಟಿನ ಮೂಲೆ ನನ್ನ ಹಣೆ ಸೀಳಿತು. ಬಾಯಿಗಿಳಿದ ರಕ್ತ ಬಿಸಿಯಾಗಿತ್ತು, ಉಪ್ಪಾಗಿತ್ತು.

ಅತ್ತೆ ದುಪಟ್ಟಾ ಹರಿದು ನನ್ನ ಹಣೆಗೆ ಕಟ್ಟುತ್ತಿದ್ದಳು. ಓಡಿ ಬಂದ ಅಪ್ಪ ಅವಳ ಜಡೆ ಹಿಡಿದೆಳೆದು ಕೆನ್ನೆಗೆ ಬಾರಿಸಿದ. ಬಿದ್ದವಳನ್ನು ಒದ್ದ.

"ಕಣ್ಣು ಬಿಟ್ಕಂಡು ಎಸೂಕೆ ಏನಾಗಿತ್ತು ನಿಂಗೆ?"

"ಕಣ್ಣು ಬಿಟ್ರೆ ಬಳಚು ಹೆಚ್ಚಿದ್ದಲ್ಲೇ ಕೈ ಹೋಗ್ತದೆ ಅಣ್ಣ. ಲೆಕ್ಕ ಸುಳ್ಳಾಗ್ತದೆ," ಎಂದಳು ಅತ್ತೆ. ಅವಳ ತುಟಿ ಒಡೆದಿತ್ತು.

"ನಿನ್ನ ಓದು ಇವತ್ತಿಗೆ ಮುಗೀತು. ನಡೆ ಮನೆಗೆ."

ಅಪ್ಪ ನನ್ನನ್ನು ಹೆಗಲಿಗೆ ಹಾಕಿಕೊಂಡು ಆಸ್ಪತ್ರೆಯ ಕಡೆ ಓಡಿದ. ಅತ್ತೆ ಹಿಂದೆ ಬರಲಿಲ್ಲ. ನನ್ನ ರಕ್ತ ಬಿದ್ದಿದ್ದ ಆ ಚೌಕಟ್ಟಿನ ಬಳಿಗೇ ತೆವಳಿ ಹೋಗಿ, ಮಂಡಿಯೂರಿ, ಅಳುತ್ತಲೇ ಒಂದೊಂದು ಚಿಪ್ಪನ್ನೂ ಕೆಸರಿನಿಂದ ತೆಗೆದು ಎಣಿಸತೊಡಗಿದಳು.