ಎಡಗಡೆಯ ಪೆಟ್ಟಿಗೆ

ಕೇಬಲ್ಲಿನ ತುದಿ ಪೆಟ್ಟಿಗೆಯ ಹಿಂದೆ ನೆಲದ ಮೇಲೆ ಬಿದ್ದಿತ್ತು. ಅದನ್ನು ಕಂಡ ವಿಜ್ಞಾನಿಯ ಮುಖದಿಂದ ಇಳಿದ ರಕ್ತ ಎಲ್ಲಿಗೆ ಹೋಯಿತೋ, ಇವತ್ತಿಗೂ ಪತ್ತೆಯಿಲ್ಲ.

ಲೆಕ್ಕ ಸರಿನೋಡಲು ಬಂದಿದ್ದ ಸಹೋದ್ಯೋಗಿ ಅದನ್ನು ಎರಡೇ ಬೆರಳಲ್ಲಿ, ಸತ್ತ ಹಲ್ಲಿಯ ಬಾಲ ಹಿಡಿದಂತೆ, ಎತ್ತಿ ತೋರಿಸಿದಳು. "ಇದನ್ನ ಯಾರ್ರೀ ಕಿತ್ತಿದ್ದು?"

"ಪೆಟ್ಟಿಗೆ ಒರೆಸೋಕೆ ಅಂತ ನಾನೇ..."

"ಯಾವಾಗ?"

"ಪ್ರಯೋಗ ಶುರುವಾಗೋ ಮುಂಚೆ."

ಪ್ರಯೋಗವೇನೋ ಸರಳ. ಅಕ್ಕಪಕ್ಕ ಎರಡು ಬೆಚ್ಚನೆಯ ಪೆಟ್ಟಿಗೆ, ಎರಡರಲ್ಲೂ ತಟ್ಟೆಯಲ್ಲಿ ಸಾಕಿದ ಜೀವಕೋಶಗಳು. ಎಡಗಡೆಯ ಪೆಟ್ಟಿಗೆಗೆ ಆ ಕೇಬಲ್ಲಿನ ಮೂಲಕ ಮೊಬೈಲಿನಿಂದ ಹೊರಡುವಂಥ ತರಂಗ ಬಿಡಬೇಕು, ಬಲಗಡೆಯದಕ್ಕೆ ಬಿಡಬಾರದು. ಎಲ್ಲಿ ಎಷ್ಟು ಸಾಯುತ್ತವೆ ಎಂದು ನೋಡಬೇಕು. ಎಡಗಡೆಯವು ಸತ್ತಿದ್ದವು. ಸತ್ತಿದ್ದವು ಅಂದರೆ ಅಂತಿಂಥ ಸಾವಲ್ಲ, ಯಾವ ಮಹಾಯುದ್ಧದಲ್ಲೂ ಅಷ್ಟು ಹೆಣ ಬಿದ್ದಿರಲಿಲ್ಲ. ಬಲಗಡೆಯವು ಮದುವೆಮನೆಯ ಹಾಗೆ ತುಂಬಿ ತುಳುಕುತ್ತಿದ್ದವು.

ಅವನಿಗೆ ಅಷ್ಟು ಸಾಕಾಯಿತು. ಇನ್ನೊಬ್ಬರಿಗೆ ತೋರಿಸುವ ಮೊದಲೇ ಅಕ್ಕನ ಮನೆಯಲ್ಲಿ ಊಟಕ್ಕೆ ಕೂತು ಘೋಷಿಸಿಬಿಟ್ಟಿದ್ದ: "ಮೊಬೈಲ್ ಕಿವಿಗಿಟ್ಟರೆ ತಲೇಲಿ ಜೀವಕೋಶ ಸಾಯುತ್ತೆ. ಕಣ್ಣಾರೆ ನೋಡಿದೀನಿ." ಅಕ್ಕನ ಪಾಲಿಗೆ ಸೂರ್ಯನೂ ತಮ್ಮನನ್ನು ಕೇಳಿಯೇ ಹುಟ್ಟಬೇಕು. ಕೈ ತೊಳೆಯುವ ಮೊದಲೇ ಎದ್ದು, ಅತ್ತೆಯ ಕೈಯಿಂದ ಮೊಬೈಲ್ ಕಸಿದು ಬೀರುವಿನಲ್ಲಿಟ್ಟು ಬೀಗ ಹಾಕಿದ್ದಳು. ಹಾಸಿಗೆ ಬಿಟ್ಟು ಏಳಲಾಗದ ಆ ಮುದುಕಿಗೆ ದೂರದ ಊರಿನ ತಂಗಿಯ ಜೊತೆ ದಿನಾ ಸಂಜೆ ಮಾತಾಡುವುದೊಂದೇ ಉಳಿದಿತ್ತು.

"ತರಂಗ ಹೋಗೇ ಇಲ್ಲ. ಮತ್ತೆ ಇವು ಯಾಕೆ ಸತ್ವು?" ಸಹೋದ್ಯೋಗಿ ಕೇಳಿದಳು. "ಬಾಗಿಲು ತೆಗೀತಿದ್ರಾ?"

"ಸಾಯ್ತಿದಾವಾ ಅಂತ ಆಗಾಗ ನೋಡ್ತಿದ್ದೆ."

ಆಗಾಗ ಎಂದರೆ, ಆ ಬಾಗಿಲಿಗೆ ಕಾಲಿದ್ದಿದ್ದರೆ ಊರು ಬಿಟ್ಟು ಓಡಿಹೋಗುತ್ತಿತ್ತು.

"ತೆಗೆದಾಗೆಲ್ಲ ಒಳಗಿನ ಬಿಸಿ ಹೊರಗೆ ಹೋಗುತ್ತಲ್ರೀ. ಬಲಗಡೇದನ್ನೂ ಅಷ್ಟೇ ಸಲ ತೆಗೆದ್ರಾ?"

"ಅದರಲ್ಲಿ ನೋಡೋಕೇನಿತ್ತು?"

ಅವಳು ನಗಲಿಲ್ಲ. ನಕ್ಕಿದ್ದರೆ ಎಷ್ಟೋ ವಾಸಿಯಿತ್ತು. "ಹಂಗಾದ್ರೆ ತರಂಗದಿಂದ ಸಾಯ್ತಾವೋ ಇಲ್ವೋ ನಮಗಿನ್ನೂ ಗೊತ್ತಿಲ್ಲ. ನೀವು ಇಣುಕಿದ್ರೆ ಸಾಯ್ತಾವೆ ಅನ್ನೋದು ಮಾತ್ರ ಗೊತ್ತಾಯ್ತು."

ಅಕ್ಕನ ಮನೆಗೆ ನಡೆದು ಹೋಗುವಾಗ ಅವನ ಕಿವಿ ಎಷ್ಟು ಕೆಂಪಾಗಿತ್ತೆಂದರೆ, ಸಿಗ್ನಲ್ ಬಿತ್ತೆಂದುಕೊಂಡು ರಸ್ತೆಯ ವಾಹನಗಳೆಲ್ಲ ನಿಂತುಬಿಟ್ಟವು. ಅವನು ಬೀರುವಿನ ಕೀ ಕೇಳಿದ. ಇದೂ ಯಾವುದೋ ಪ್ರಯೋಗವಿರಬೇಕೆಂದು ಅಕ್ಕ ಖುಷಿಯಿಂದ ಕೊಟ್ಟಳು. "ನಿನ್ನಿಂದ ನಮ್ಮತ್ತೆ ತಲೆ ಉಳೀತು ಕಣೋ. ಬೀದಿಗೆಲ್ಲ ಹೇಳಿದೀನಿ." ಮೊಬೈಲಿಗೆ ಚಾರ್ಜ್ ಏರುವ ತನಕ ಹೊಗಳುತ್ತಲೇ ಇದ್ದಳು; ಆ ಹೊಗಳಿಕೆಯಲ್ಲಿ ಇಡೀ ಊರಿಗೆ ವರ್ಷಕ್ಕಾಗುವಷ್ಟು ಕರೆಂಟು ತೆಗೆಯಬಹುದಿತ್ತು. ಅವನು ಗೋಡೆಯ ಪ್ಲಗ್ಗನ್ನೇ ನೋಡುತ್ತ ಕೂತ.

ಕೋಣೆಯಲ್ಲಿ ಮುದುಕಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಅವನು ಮೊಬೈಲ್ ಚಾಚಿದ. "ಮಾತಾಡಿ ಅಮ್ಮಾ."

"ಬೇಡಪ್ಪ," ಅವಳು ಕೈ ಹಿಂದಕ್ಕೆಳೆದುಕೊಂಡಳು. "ನನ್ನ ತಲೆ ಏನಾದ್ರೂ ಹಾಳಾಗ್ಲಿ. ಆ ಕಡೆ ಕಿವಿ ನನ್ನ ತಂಗೀದು."

"ಅವರು ಕಾಯ್ತಿರ್ತಾರೆ..."

"ನನಗೆ ಅವಳ ಮೇಲೆ ಸಿಟ್ಟು ಅಂದ್ಕೊಂಡಿರ್ತಾಳೆ. ಅಂದ್ಕೊಳ್ಳಲಿ. ಬದುಕಿದ್ರೆ ಸಾಕು."

ಇಷ್ಟಗಲ ಬಾಯಿಯ ವಿಜ್ಞಾನಿಗೆ ಇರುವೆಗಿದ್ದಷ್ಟೂ ದನಿ ಉಳಿದಿರಲಿಲ್ಲ. "ಅಮ್ಮಾ, ನಾನು ತರಂಗ ಬಿಟ್ಟೇ ಇರಲಿಲ್ಲ. ತಂತಿ ಕಿತ್ತು ಬಿದ್ದಿತ್ತು. ಸತ್ತವಾ ಸತ್ತವಾ ಅಂತ ನಾನೇ ಬಾಗಿಲು ತೆಗೆದು ತೆಗೆದು ಇಣುಕಿದೆ. ಅದಕ್ಕೇ ಸತ್ವು."

ಬಾಗಿಲ ಬಳಿ ನಿಂತಿದ್ದ ಅಕ್ಕ, ಅವನು ಹುಟ್ಟಿದಾಗಿನಿಂದ ಮೊದಲ ಸಲ, ತಮ್ಮನ ಮುಖ ಬಿಟ್ಟು ನೆಲ ನೋಡಿದಳು. ಆಮೇಲೆ ಸದ್ದಿಲ್ಲದೆ ಅಡಿಗೆಮನೆಗೆ ಹೋದಳು.

ಮುದುಕಿ ಮೊಬೈಲ್ ತೆಗೆದುಕೊಂಡು, ತಡಕಾಡಿ ಒತ್ತಿ, ಕಿವಿಗಿಟ್ಟುಕೊಂಡಳು. ಆ ಕಡೆ ರಿಂಗ್ ಆಗುವುದು ಅವನಿಗೂ ಕೇಳಿಸುತ್ತಿತ್ತು. ಎತ್ತುತ್ತಾಳೋ ಇಲ್ಲವೋ ಎಂದು ಅವನು ಮಂಚದ ಕಡೆ ಬಗ್ಗಿ ನಿಂತ.

ಮುದುಕಿ ಅಂಗೈಯಿಂದ ಮೊಬೈಲ್ ಮುಚ್ಚಿ ಅವನ ಕಡೆ ತಿರುಗಿದಳು.

"ಇನ್ನೇನು ನೋಡ್ತಾ ನಿಂತಿದೀಯಪ್ಪ? ಬಾಗಿಲು ಹಾಕ್ಕೊಂಡು ಹೋಗು."